ಸ್ಪಷ್ಟನೆ: ವಿಮಾನದ ಬಾಗಿಲ ಸೀಲಿಗೆ ವ್ಯಾಸಲೀನ್ ಹಚ್ಚಬೇಡಿ

'ಸಣ್ಣ ಪ್ರೆಶರೈಸ್ಡ್ (ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ) ವಿಮಾನದಲ್ಲಿ ಶಿಳ್ಳೆ ಸದ್ದು ಬಂದರೆ ಬಾಗಿಲ ಸೀಲ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ) ಹೋಗಿದೆ, ವ್ಯಾಸಲೀನ್ ಹಚ್ಚಿ' ಅಂತ ಹೋದ ವಾರ ನಾನು ಬರೆದಿದ್ದೆ. ಅದೀಗ ಹತ್ತಾರು ಗುಂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ದಯವಿಟ್ಟು ಕ್ಷಮಿಸಿ.

ವ್ಯಾಸಲೀನ್ ಅಂದರೆ ಪೆಟ್ರೋಲಿಯಂ ಜೆಲ್ಲಿ. ಅದು ತಾಗಿದರೆ ಹಲವು ಬಗೆಯ ರಬ್ಬರ್ ಉಬ್ಬಿ, ಮೆತ್ತಗಾಗಿ ಬೇಗ ಹಾಳಾಗುತ್ತದೆ. ಯಾವ ಸೀಲಿಗೆ ಏನು ಹಚ್ಚಬೇಕು ಅನ್ನುವುದು ಆ ವಿಮಾನದ ಮೆಂಟೆನೆನ್ಸ್ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಅದನ್ನು ಬಿಟ್ಟು ಬೇರೇನೂ ಬೇಡ.

ಸದ್ದೆಲ್ಲ ಸೀಲಿನದ್ದೇ ಆಗಿರಬೇಕಿಲ್ಲ. ವಿಮಾನ ನೆಲದ ಮೇಲೆ ನಿಂತಿರುವಾಗಲೇ, ಒಳಗೆ ಗಾಳಿ ಊದುವ ಬ್ಲೋವರ್ ಫ್ಯಾನ್ ಹಾಕಿ, ಆರಿಸಿ ನೋಡಿ. ಸದ್ದು ಅದರ ಜೊತೆಗೇ ಬಂದು ಹೋದರೆ ಫ್ಯಾನಿನ ಬೇರಿಂಗ್ ಸವೆದಿರಬಹುದು, ಇಲ್ಲವೇ ಅದರ ರೆಕ್ಕೆಗೆ ಕಸ ಸಿಕ್ಕಿರಬಹುದು. ಫ್ಯಾನ್ ಹಾಕಿದರೂ ಆರಿಸಿದರೂ ಸದ್ದು ಬದಲಾಗದೆ, ವಿಮಾನ ಮೇಲೇರುತ್ತಾ ಕ್ಯಾಬಿನ್ ಒತ್ತಡ ಹೆಚ್ಚಿದಂತೆ ಶಿಳ್ಳೆ ಜೋರಾದರೆ ಆಗ ಸೀಲಿನ ಮೇಲೆ ಅನುಮಾನ ಪಡಿ. ಗಾಳಿ ತುಂಬುವ ಸೀಲಾದರೆ ಅದರ ಸಣ್ಣ ಟ್ಯೂಬ್, ವಾಲ್ವ್‌ಗಳನ್ನೂ ಮೆಕ್ಯಾನಿಕ್ ನೋಡಬೇಕು. ಎಷ್ಟೋ ಸಲ ಸೀಲ್ ಚೆನ್ನಾಗಿಯೇ ಇರುತ್ತದೆ, ಗಾಳಿ ಮಾತ್ರ ತಲುಪಿರುವುದಿಲ್ಲ.

'ಸೀಲ್ ಹೋದರೆ ಬಾಗಿಲೇ ಹಾರಿಹೋಗುತ್ತದೆ' ಅಂತ ಆ ಸಂದೇಶಕ್ಕೆ ಯಾರೋ ಸೇರಿಸಿದ್ದಾರೆ. ಬಾಗಿಲನ್ನು ಹಿಡಿದಿಡುವುದು ಲ್ಯಾಚ್‌ಗಳು. ಸೀಲಿನ ಕೆಲಸ ಗಾಳಿ ತಡೆಯುವುದಷ್ಟೇ. ಹಾಗಂತ ಸೋರಿಕೆಯನ್ನು ಸುಮ್ನೆ ಬಿಡುವಂತಿಲ್ಲ. ಪೈಪರ್ ಮಲಿಬು ಎಂಬ ಸಣ್ಣ ಪ್ರೆಶರೈಸ್ಡ್ ವಿಮಾನ 25,000 ಅಡಿಯಲ್ಲಿರುವಾಗ ಒಳಗಿನ ಒತ್ತಡ 8,000 ಅಡಿಯಲ್ಲಿರುವಷ್ಟು. ಒಳಗೂ ಹೊರಗೂ ಒತ್ತಡದ ವ್ಯತ್ಯಾಸ ಚದರ ಇಂಚಿಗೆ ಸುಮಾರು 5.5 ಪೌಂಡ್, ಅಂದರೆ 5.5 ಪಿಎಸ್‌ಐ. ಸೋರಿಕೆ ಜಾಸ್ತಿಯಾದರೆ ಒಳಗಿನ ಒತ್ತಡವನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ಹಳೆಯ ಸಂದೇಶವನ್ನು ಇನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅವರಿಗೆ ಇದನ್ನೂ ಕಳಿಸಿ.