ತ್ರಿಕೋನ ದರ್ಶನ

ಮೊನ್ನೆ ಶನಿವಾರ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ ಐವತ್ತೆಂಟು ನಿಮಿಷ ಸಾಲಿನಲ್ಲಿ ನಿಂತು ಒಂದು ತುಂಡು ಪಿಜ್ಜಾ ತಿಂದೆ. ಅಂಗಡಿಯ ಹೆಸರು ಹೇಳುವುದಿಲ್ಲ. ಹೊಗಳಿದರೆ ಅಲ್ಲಿಗೆ ಇನ್ನೂ ಹತ್ತು ಜನ ಹೋಗುತ್ತಾರೆ; ಬೈದರೆ ‘ಅಷ್ಟು ಕೆಟ್ಟದ್ದೇ, ನೋಡಿಯೇ ಬಿಡೋಣ’ ಎಂದು ಇಪ್ಪತ್ತು ಜನ ಹೋಗುತ್ತಾರೆ. ಹೇಗೂ ನಿಮ್ಮಲ್ಲಿ ಅರ್ಧ ಜನ ಅದನ್ನು ಮೊಬೈಲಿನಲ್ಲಿ ನೋಡಿಯೇ ಇರುತ್ತೀರಿ. ಯಾರೋ ಒಬ್ಬರು ತುಂಡಿನ ತುದಿ ಕಚ್ಚುತ್ತಾರೆ, ಕಣ್ಣು ಮುಚ್ಚುತ್ತಾರೆ, ಸಮಾಧಿ ಸ್ಥಿತಿಯಲ್ಲಿ ತಲೆ ಅಲ್ಲಾಡಿಸುತ್ತಾರೆ. ಅದೇ ಅಂಗಡಿ.

ಕರೆದುಕೊಂಡು ಹೋದವನು ಜರ್ಸಿ ಸಿಟಿಯಲ್ಲಿರುವ ಅಕ್ಕನ ಮಗ. “ಮಾಮ, ಇದು ಬರೀ ಪಿಜ್ಜಾ ಅಲ್ಲ, ಅನುಭವ” ಎಂದ. ತಿನ್ನುವ ಪದಾರ್ಥಕ್ಕೆ ಅನುಭವ ಎಂಬ ಹೆಸರು ಬಿದ್ದಾಗಲೆಲ್ಲ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ತಿಂಡಿಯ ಬೆಲೆಗೆ ಒಂದು ಮಿತಿ ಇರುತ್ತದೆ, ಅನುಭವಕ್ಕೆಲ್ಲಿಯ ಮಿತಿ?

ಹಾಗೆ ನೋಡಿದರೆ ಈ ‘ಸ್ಲೈಸ್’ ಹುಟ್ಟಿದ್ದೇ ಕಾಯಲಾರದವರಿಗಾಗಿ. ಹದಿನೆಂಟು ಇಂಚಿನ ಪಿಜ್ಜಾವನ್ನು ಮೊದಲೇ ಬೇಯಿಸಿ, ಎಂಟು ತುಂಡು ಮಾಡಿ ಗಾಜಿನ ಹಿಂದೆ ಇಟ್ಟಿರುತ್ತಾರೆ. ಕೇಳಿದವನಿಗೆ ಒಂದು ತುಂಡನ್ನು ಒಂದೆರಡು ನಿಮಿಷ ಮತ್ತೆ ಒಲೆಗೆ ತಳ್ಳಿ, ಕಾಗದದ ತಟ್ಟೆಯ ಮೇಲೆ ಜಾರಿಸಿ ಕೊಡುತ್ತಾರೆ. ಅವನು ಅದನ್ನು ಉದ್ದಕ್ಕೆ ಮಡಚಿ, ನಡೆಯುತ್ತಲೇ ತಿಂದು, ಸುರಂಗ ರೈಲು ಹಿಡಿಯುತ್ತಾನೆ. ನಮ್ಮ ದರ್ಶಿನಿಗಳೂ ಇದೇ ಕುಲದವು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಅದರ ಗುಟ್ಟು ಇಷ್ಟೇ: ಕುರ್ಚಿ ಇಲ್ಲ, ಮಾಣಿ ಇಲ್ಲ, ನಿಂತು ತಿನ್ನು, ಹೊರಡು. ಅಂಥ ದರ್ಶಿನಿಯ ಮುಂದೆಯೂ ಈಗ ಮುಕ್ಕಾಲು ಗಂಟೆ ನಿಲ್ಲುತ್ತೇವೆ. ಕುರ್ಚಿ ತೆಗೆದದ್ದು ಸಮಯ ಉಳಿಸಲಿಕ್ಕೆ ಎಂಬುದು ಮರೆತುಹೋಗಿ, ಬೀದಿಯಲ್ಲಿ ನಿಲ್ಲುವುದೊಂದೇ ಸಂಪ್ರದಾಯವಾಗಿ ಉಳಿದಿದೆ. ತಿರುಪತಿಯಲ್ಲಾದರೂ ಇಷ್ಟು ನಿಂತದ್ದಕ್ಕೆ ಕೊನೆಯಲ್ಲಿ ಲಡ್ಡು ಸಿಗುತ್ತದೆ.

ಸಾಲಿನಲ್ಲಿ ಮಾಡಲು ಕೆಲಸವಿರಲಿಲ್ಲವಾದ್ದರಿಂದ ಲೆಕ್ಕ ಹಾಕಿದೆ. ನ್ಯೂಯಾರ್ಕಿನಲ್ಲಿ ಒಂದು ತುಂಡು ಪಿಜ್ಜಾದ ಬೆಲೆಯೂ ಸುರಂಗ ರೈಲಿನ ಟಿಕೆಟ್ಟಿನ ಬೆಲೆಯೂ ಜೊತೆಜೊತೆಗೆ ಏರುತ್ತವೆ ಎಂದು 1980ರಲ್ಲೇ ಪತ್ರಿಕೆಯಲ್ಲಿ ಬರೆದವರಿದ್ದಾರೆ. ಅರ್ಥಶಾಸ್ತ್ರದ ಅಷ್ಟೂ ಸೂತ್ರಗಳಲ್ಲಿ ನನಗೆ ಅರ್ಥವಾದದ್ದು ಇದೊಂದೇ. ಟಿಕೆಟ್ಟು 2015ರಲ್ಲಿ 2.75 ಡಾಲರ್ ಇತ್ತು, 2023ರಲ್ಲಿ 2.90 ಆಯಿತು, ಈಗ 3. ನಾನು ನಿಂತ ಸಾಲಿನ ಕೊನೆಯಲ್ಲಿ ತುಂಡಿಗೆ ಆರು ಡಾಲರ್. ಅಷ್ಟು ದುಡ್ಡಿನಲ್ಲಿ ಅಲ್ಲಿಂದ ಬೇರೆ ಅಂಗಡಿಗೆ ಹೋಗಿ ವಾಪಸೂ ಬರಬಹುದಿತ್ತು.

ಬೆಲೆಯೊಂದೇ ನನ್ನ ತಕರಾರಾಗಿದ್ದರೆ ಸುಮ್ಮನಿರುತ್ತಿದ್ದೆ. ಬ್ರೂಕ್ಲಿನ್ನಿನ ಡಿ ಫಾರಾ ಎಂಬ ಪಿಜ್ಜಾ ಅಂಗಡಿ 2009ರಲ್ಲೇ ತುಂಡಿಗೆ ಐದು ಡಾಲರ್ ಮಾಡಿತ್ತು, ಊರೆಲ್ಲ ಹುಬ್ಬೇರಿಸಿತ್ತು. ಆದರೆ ಅಲ್ಲಿ ಡಾಮ್ ಡಿಮಾರ್ಕೊ ಎಂಬ ಮುದುಕ 1965ರಿಂದ ಅದೇ ಒಲೆಯ ಮುಂದೆ ನಿಂತು, ತನ್ನ ಕೈಯಿಂದಲೇ ಪಿಜ್ಜಾ ಮಾಡಿ, ಕತ್ತರಿಯಿಂದ ಹಸಿ ತುಳಸಿಯ ಜಾತಿಯ ಎಲೆಯನ್ನು ಕತ್ತರಿಸಿ ಉದುರಿಸುತ್ತಿದ್ದ. 2022ರಲ್ಲಿ ತೀರಿಕೊಂಡ. ಒಂದು ಜೊತೆ ಕೈ, ನೂರು ಬಾಯಿ. ಅಲ್ಲಿ ಸಾಲು ಬೆಳೆದದ್ದಕ್ಕೆ ಕಾರಣವಿತ್ತು. ನಾನು ನಿಂತ ಸಾಲು ಯಾಕಿತ್ತೆಂದರೆ, ಸಾಲು ಇತ್ತು, ಅದಕ್ಕೆ. ನನ್ನ ಮುಂದಿದ್ದ ಹುಡುಗಿಯನ್ನು “ಇಲ್ಲಿ ಏನು ವಿಶೇಷ?” ಎಂದು ಕೇಳಿದೆ. “ನೋಡಿ, ಎಷ್ಟು ಜನ!” ಎಂದಳು. ಅವಳ ಪಾಲಿಗೆ ನಾನೂ ಒಂದು ಸಾಕ್ಷ್ಯವಾಗಿದ್ದೆ.

ಹಿಂದಿದ್ದವನಿಗೆ ನಾನು ಹೊಸಬನೆಂದು ತಿಳಿದುಹೋಗಿ, ತಿನ್ನುವ ವಿಧಿಗಳನ್ನು ಉಪದೇಶಿಸಿದ. ಮಡಚಬೇಕು, ಚಾಕು ಮುಟ್ಟಬಾರದು, ಫೋರ್ಕು ಮಹಾಪಾಪ. 2014ರ ಜನವರಿಯಲ್ಲಿ ಆಗಷ್ಟೇ ಮೇಯರ್ ಆಗಿದ್ದ ಬಿಲ್ ಡಿ ಬ್ಲಾಸಿಯೊ ಫೋರ್ಕಿನಲ್ಲಿ ಪಿಜ್ಜಾ ತಿಂದು ಊರಿಗೆಲ್ಲ ಸುದ್ದಿಯಾದದ್ದನ್ನು ನಿನ್ನೆ ನಡೆದಂತೆ ಹೇಳಿದ. ರಸ್ತೆಯಲ್ಲಿ ಹೊಂಡವಿದ್ದರೆ ಯಾವ ಊರಿನ ಮೇಯರನ್ನೂ ಜನ ಇಷ್ಟು ಕಾಲ ನೆನಪಿಟ್ಟುಕೊಳ್ಳುವುದಿಲ್ಲ.

ಊರಿನ ಭಕ್ತಿಯ ಮಾತು ಬಂತಲ್ಲ, ರೇ ಪಿಜ್ಜಾದ ಪುರಾಣ ಹೇಳಲೇಬೇಕು. 1959ರಲ್ಲಿ ಪ್ರಿನ್ಸ್ ಬೀದಿಯಲ್ಲಿ ರಾಲ್ಫ್ ಕ್ಯೂಮೊ ಎಂಬವನು ‘ರೇ’ ಹೆಸರಿನ ಅಂಗಡಿ ತೆರೆದ. ಆಮೇಲೆ ಊರ ತುಂಬ ರೇಗಳೇ. ಒರಿಜಿನಲ್ ರೇ, ಫೇಮಸ್ ರೇ, ಫೇಮಸ್ ಒರಿಜಿನಲ್ ರೇ, ವಿಶ್ವವಿಖ್ಯಾತ ಒರಿಜಿನಲ್ ರೇ. ಮೊದಲನೆಯವನ ಹೆಸರೇ ರೇ ಆಗಿರಲಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಮೊಕದ್ದಮೆಗಳಾದವು, ಫಲಕಗಳಲ್ಲಿ ವಿಶೇಷಣಗಳು ಬೆಳೆದವು, ಪ್ರಿನ್ಸ್ ಬೀದಿಯ ಆ ಮೊದಲ ಅಂಗಡಿ 2011ರಲ್ಲಿ ಬಾಗಿಲು ಹಾಕಿತು. ನಮಗೇನೂ ಇದು ಹೊಸದಲ್ಲ. ದಾವಣಗೆರೆ ದಾಟಿ ನೂರಾರು ಮೈಲಿ ಬಂದಮೇಲೂ ‘ಅಸಲಿ ದಾವಣಗೆರೆ ಬೆಣ್ಣೆ ದೋಸೆ’ ಎಂಬ ಫಲಕಗಳು ಎರಡು ಬೀದಿಗೊಂದರಂತೆ ಸಿಗುತ್ತವೆ. ನಕಲಿ ಎಂದು ಬರೆದುಕೊಂಡ ಅಂಗಡಿ ಎಲ್ಲಾದರೂ ಇದ್ದರೆ ತಿಳಿಸಿ, ಮೊದಲ ಗಿರಾಕಿ ನಾನು.

ಆಗ ಫಲಕ ಸುಳ್ಳು ಹೇಳುತ್ತಿತ್ತು, ಈಗ ಆ ಕೆಲಸಕ್ಕೆ ಅಂಕಪಟ್ಟಿ ಬಂದಿದೆ. ಡೇವ್ ಪೋರ್ಟ್‌ನಾಯ್ ಎಂಬವರು ಅಂಗಡಿಯ ಹೊರಗೆ ನಿಂತು ಕಚ್ಚಿ, ಹತ್ತಕ್ಕೆ ಇಷ್ಟು ಎಂದು ದಶಮಾಂಶ ಸಹಿತ ಅಂಕ ಕೊಡುವುದನ್ನು ಲಕ್ಷಾಂತರ ಜನ ನೋಡುತ್ತಾರೆ. ಅವರನ್ನು ನೋಡಿ ಎಲ್ಲರೂ ಅಂಕ ಕೊಡುವವರೇ. 7.8, 8.1. ಆ ಬಿಂದುವಿನ ಮುಂದಿನ ಅಂಕಿ ಯಾವ ನಾಲಿಗೆಯ ಯಾವ ಮೂಲೆಯಲ್ಲಿ ತಿಳಿಯುತ್ತದೆ? ಸಿಇಟಿಯಲ್ಲಿ ಒಂದು ಅಂಕಕ್ಕೆ ಸೀಟು ಕಳೆದುಕೊಂಡ ಮಕ್ಕಳ ನಾಡಿನವನು ನಾನು, ದಶಮಾಂಶದ ಕ್ರೌರ್ಯ ನನಗೆ ಗೊತ್ತು.

ಆ ಸಾಲಿನಿಂದ ಎಂಬತ್ತು ಹೆಜ್ಜೆ ದೂರದಲ್ಲಿ ಇನ್ನೊಂದು ಪಿಜ್ಜಾ ಅಂಗಡಿಯಿತ್ತು. ಅಂಥದೇ ಒಲೆ, ಗಾಜಿನ ಹಿಂದೆ ಅಂಥದೇ ತುಂಡುಗಳು, ಗಿರಾಕಿ ಒಬ್ಬನೂ ಇಲ್ಲ. ಮಾಲೀಕ ಬಾಗಿಲಲ್ಲಿ ಕೈಕಟ್ಟಿ ನಿಂತು ನಮ್ಮ ಮೆರವಣಿಗೆಯನ್ನು ನೋಡುತ್ತಿದ್ದ. ಅವನೂ ಇದೇ ಬೀದಿಯ ಬಾಡಿಗೆ ಕಟ್ಟಬೇಕು. 2008ರ ಆರ್ಥಿಕ ಕುಸಿತದ ಕಾಲದಲ್ಲಿ ಒಂದು ಡಾಲರಿಗೆ ತುಂಡು ಕೊಡುವ ಅಂಗಡಿಗಳು ಈ ಊರಿನಲ್ಲಿ ಹಬ್ಬಿ, ರಾತ್ರಿ ಪಾಳಿಯವರ, ವಿದ್ಯಾರ್ಥಿಗಳ, ಟ್ಯಾಕ್ಸಿಯವರ ಹೊಟ್ಟೆ ತುಂಬಿಸಿದವು. ಆ ಒಂದು ಡಾಲರ್ ಈಗ ಹೆಚ್ಚಿನ ಕಡೆ ಒಂದೂವರೆಯಾಗಿದೆ. ಅವರಿಗೆ ಯಾರೂ ಅಂಕ ಕೊಡುವುದಿಲ್ಲ. ಬಡವನ ತಿಂಡಿಯನ್ನು ಎತ್ತಿಕೊಂಡು ಹೋಗಿ ಪ್ರದರ್ಶನಕ್ಕಿಟ್ಟು, ನಾಲ್ಕು ಪಟ್ಟು ಬೆಲೆ ಕಟ್ಟಿ, ಅವನ ಬೀದಿಯನ್ನೇ ಸಾಲಿನಿಂದ ತುಂಬುವುದು ನನಗೆ ತಮಾಷೆಯಾಗಿ ಕಾಣುವುದು ನಿಂತುಹೋಗಿದೆ. ನಾನೂ ಆ ಸಾಲಿನಲ್ಲಿದ್ದೆ ಎಂಬುದು ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತದೆ.

ರುಚಿಯ ವಿಷಯ ಕೇಳುತ್ತೀರಿ ತಾನೆ? ಚೆನ್ನಾಗಿತ್ತು. ತಳ ಗರಿಗರಿಯಾಗಿತ್ತು, ಸಾಸಿನಲ್ಲಿ ಟೊಮೆಟೊ ಇತ್ತೇ ಹೊರತು ಸಕ್ಕರೆಯಿರಲಿಲ್ಲ, ಚೀಸು ರಬ್ಬರಾಗಿರಲಿಲ್ಲ. ಹನ್ನೆರಡು ನಿಮಿಷ ಕಾಯಬಹುದಾದಷ್ಟು ಚೆನ್ನಾಗಿತ್ತು. ಮಿಕ್ಕ ನಲವತ್ತಾರು ನಿಮಿಷಗಳನ್ನು ಯಾರಲ್ಲಿ ಕೇಳಿ ಪಡೆಯಲಿ?

ಒಂದು ಅವಘಡವೂ ಆಯಿತು. ಹಸಿವಿನ ಆತುರದಲ್ಲಿ ಮೊದಲ ತುತ್ತಿಗೇ ಕುದಿಯುವ ಚೀಸು ಅಂಗುಳಿಗೆ ಅಂಟಿಕೊಂಡಿತು. ಉಗಿಯಲು ಮರ್ಯಾದೆ ಅಡ್ಡ ಬಂತು, ನುಂಗಲು ಧೈರ್ಯ ಬರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಒಂದು ಕೈ ಮೇಲೆತ್ತಿ, ತಲೆ ಅಲ್ಲಾಡಿಸಿದೆ. ಅಕ್ಕನ ಮಗ ಅಷ್ಟನ್ನೂ ಚಿತ್ರಿಸಿಕೊಂಡು, ಸಂಗೀತ ಸೇರಿಸಿ, ರಾತ್ರಿಯೊಳಗೆ ಲೋಕಕ್ಕೆ ಹಂಚಿದ. ಬೆಳಿಗ್ಗೆ ನೋಡಿದರೆ ಧಾರವಾಡದ ನನ್ನ ಸೋದರತ್ತೆಯ ಮಗಳು ಕೆಳಗೆ ಬರೆದಿದ್ದಳು: “ಅಣ್ಣನ ಕಣ್ಣಲ್ಲಿ ನೀರೇ ಬಂದುಬಿಟ್ಟಿದೆ. ಮುಂದಿನ ತಿಂಗಳು ಬಂದಾಗ ಮೊದಲು ಅಲ್ಲಿಗೇ ಹೋಗುತ್ತೇವೆ.”