ಲೆಫ್ಟಲ್ಲಿ ಹೋಗ್ರೀ ಅಂತಾರಲ್ಲ, ಎಲ್ಲಿದೆ ಆ ಲೆಫ್ಟು?

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಎರಡು ಮೀಟಿಂಗ್ ಮುಗಿಸಿ, ಮಧ್ಯಾಹ್ನ ಮೊಸರನ್ನ ತಿಂದು, ಸಂಜೆ ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಇಳಿದಿಲ್ಲ. ಅದಕ್ಕೇ ಇಲ್ಲಿ ಕಾರಿಕೊಳ್ತಾ ಇದ್ದೀನಿ. ನನ್ನ ಸೈಕಲ್ ಪುರಾಣ ಕೇಳಿ ಕೇಳಿ ಸಾಕಾದವರು ಈಗಲೇ ಮುಂದಕ್ಕೆ ಹೋಗಬಹುದು, ಬೇಜಾರು ಮಾಡ್ಕೊಳಲ್ಲ.

ಬೆಳಗ್ಗೆ ಎಂಟೂಕಾಲು. ಬೆಂಗಳೂರಿನ ಯಡಿಯೂರು ಕೆರೆ ದಾಟಿ ಸೌತ್ ಎಂಡ್ ಸರ್ಕಲ್ ಕಡೆ ಸೈಕಲ್ಲಿನಲ್ಲಿ ಹೋಗ್ತಿದ್ದೆ. ಹಿಂದಿನಿಂದ ಹಾರನ್. ಪೀಂ ಅಂತ ಒಂದು ಸಲ ಹೊಡೆದು ಸುಮ್ಮನಾಗೋ ಹಾರನ್ ಅಲ್ಲ, ಅಂಗೈ ಒತ್ತಿ ಹಿಡಿದ ಹಾರನ್. ಆಮೇಲೆ ಒಂದು ಬಿಳೀ ಎಸ್‌ಯುವಿ ಪಕ್ಕಕ್ಕೇ ಬಂತು. ಗಾಜು ಇಳೀತು. ಒಳಗಿನ ಎಸಿ ತಂಪು ನನ್ನ ಮೊಣಕೈಗೆ ತಾಗಿತು, ಅಷ್ಟು ಹತ್ತಿರ. "ಲೆಫ್ಟಲ್ಲಿ ಹೋಗ್ರೀ! ರೋಡ್ ಏನು ನಿಮ್ಮಪ್ಪಂದಾ? ಟ್ಯಾಕ್ಸ್ ಕಟ್ತೀರಾ?" ಹಿಂದಿನ ಸೀಟಲ್ಲಿ ಯೂನಿಫಾರ್ಮ್ ಹಾಕ್ಕೊಂಡ ಒಂದು ಪುಟ್ಟ ಹುಡುಗಿ ಡಬ್ಬಿಯಿಂದ ಇಡ್ಲಿ ತಿಂತಾ ನನ್ನನ್ನೇ ನೋಡ್ತಿತ್ತು. ನಾನೂ ಏನೋ ಅಂದೆ. ಏನಂದೆ ಅಂತ ಇಲ್ಲಿ ಬರೆಯಲ್ಲ, ನಮ್ಮತ್ತೆ ನನ್ನ ಪೋಸ್ಟ್ ಓದ್ತಾರೆ.

ಮುಂದಿನ ಸಿಗ್ನಲ್ಲಲ್ಲಿ ಅದೇ ಕಾರು ಏಳನೆಯದಾಗಿ ನಿಂತಿತ್ತು. ಪಕ್ಕದಲ್ಲಿ ನುಸುಳಿ ಮುಂದೆ ಹೋಗಿ ನಿಂತೆ. ಬೆಲ್ ಬಾರಿಸಿದೆನಾ? ಬಾರಿಸಿದೆ. ನಲವತ್ತೆಂಟು ವರ್ಷದ ಗಂಡಸು ಮಾಡೋ ಕೆಲಸ ಅಲ್ಲ, ಒಪ್ಪಿದೆ.

ಸರಿ, ಬೈದಿದ್ದು ಬಿಡಿ. ಆ ಒಂದು ಮಾತು ಮಾತ್ರ ತಲೆಯಲ್ಲೇ ಕೂತಿದೆ. ಲೆಫ್ಟಲ್ಲಿ ಹೋಗ್ರೀ. ಆಟೋದವರು ಹೇಳ್ತಾರೆ, ಕ್ಯಾಬಿನವರು ಹೇಳ್ತಾರೆ, ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಹೇಳ್ತಾರೆ, ನನ್ನ ಸ್ವಂತ ಭಾವಮೈದುನ ಹೇಳ್ತಾನೆ. ಇಷ್ಟು ಜನ ಹೇಳ್ತಾರೆ ಅಂದ್ರೆ ಅಲ್ಲಿ ಏನೋ ಒಂದು ದಾರಿ ಇರಲೇಬೇಕಲ್ಲ ಅಂತ ಸಂಜೆ ವಾಪಸ್ ಬರುವಾಗ ರಸ್ತೆ ದಾಟಿ, ಸೈಕಲ್ ತಳ್ಳಿಕೊಂಡು ಅದೇ ಜಾಗದ ಎಡ ಅಂಚಿನಲ್ಲಿ ಇನ್ನೂರು ಹೆಜ್ಜೆ ನಡೆದೆ.

ಮೊದಲು ಸಿಕ್ಕಿದ್ದು ಎಳನೀರು ಗಾಡಿ. ಅದರ ಹಿಂದೆ ಬುರುಡೆಗಳ ರಾಶಿ, ಎರಡು ಬುರುಡೆ ರಸ್ತೆಗೂ ಉರುಳಿದ್ವು. ಆಮೇಲೆ ಡಬಲ್ ಇಂಡಿಕೇಟರ್ ಹಾಕಿ ನಿಲ್ಲಿಸಿದ ಕಾರು. (ಡಬಲ್ ಇಂಡಿಕೇಟರ್ ಹಾಕಿದರೆ ನಮ್ಮೂರಲ್ಲಿ ವಿಧಾನಸೌಧದ ಮೆಟ್ಟಿಲ ಮೇಲೂ ನಿಲ್ಲಿಸಬಹುದು ಅನ್ನೋ ನಂಬಿಕೆ ಇದೆ.) ಆಮೇಲೆ ಯಾರೋ ಮನೆ ಕಟ್ಟೋಕೆ ಸುರಿದ ಎಂ-ಸ್ಯಾಂಡ್, ಅದೇ ಕಲ್ಲು ಪುಡಿ ಮಾಡಿದ ಮರಳು. ಅದು ಹರಡಿ ತೆಳ್ಳಗೆ ಹಾಸಿಕೊಂಡಿದೆ, ಬ್ರೇಕ್ ಹಿಡಿದರೆ ಚಕ್ರ ಸರ್ರನೆ ಜಾರುತ್ತೆ. ಆಮೇಲೆ ಟಾರಿಗಿಂತ ನಾಲ್ಕು ಬೆರಳು ತಗ್ಗಿನಲ್ಲಿರೋ ಮ್ಯಾನ್‌ಹೋಲ್ ಚೇಂಬರ್. ಆಮೇಲೆ ಕೇಬಲ್‌ಗೆ ಅಗೆದು ಮಣ್ಣು ಮುಚ್ಚಿ ಹೋದ ಒಂದು ಗೆರೆ, ಉದ್ದಕ್ಕೂ. ಕೊನೆಗೆ ಮಳೆನೀರು ಇಳಿಯೋ ಕಬ್ಬಿಣದ ಜಾಲರಿ. ಅದನ್ನ ಬಗ್ಗಿ ನೋಡಿದೆ. ಕಂಬಿಗಳು ರಸ್ತೆಗೆ ಅಡ್ಡಡ್ಡ ಇದ್ದಿದ್ರೆ ಸೈಕಲ್ ದಾಟ್ಕೊಂಡು ಹೋಗುತ್ತೆ. ಇದು ಉದ್ದುದ್ದ. ಸಂದಿನಲ್ಲಿ ನನ್ನ ಹೆಬ್ಬೆರಳು ಇಳೀತು, ಮುಂದಿನ ಟೈರು ಇಟ್ಟು ನೋಡಿದೆ, ಅದೂ ಇಳೀತು. ಓಡೋ ಸೈಕಲ್ಲಿನ ಮುಂದಿನ ಚಕ್ರ ಅದರೊಳಗೆ ಹೋದರೆ ಚಕ್ರ ಅಲ್ಲೇ ನಿಲ್ಲುತ್ತೆ, ಸವಾರ ಮಾತ್ರ ಮುಂದಕ್ಕೆ ಪ್ರಯಾಣ ಬೆಳೆಸ್ತಾನೆ.

ಇದು ಸ್ವಾಮಿ, ನೀವು ಹೇಳೋ ಲೆಫ್ಟು.

ಕಾರಿನ ಸೀಟಿಂದ ನೋಡಿದರೆ ಎಡಗಡೆ ಖಾಲಿ ಜಾಗ ಕಾಣುತ್ತೆ, ಅದರಲ್ಲಿ ಏನಿದೆ ಅಂತ ಕಾಣಲ್ಲ. ಸೈಕಲ್ಲಿನವನು ಅಂಚು ಬಿಟ್ಟು ಮೂರಡಿ ಒಳಗೆ ಓಡಿಸೋದು ನಿಮ್ಮನ್ನ ರೇಗಿಸೋಕೆ ಅಲ್ಲ. ಅಂಚಿನಲ್ಲೇ ಹೋದರೆ ಪ್ರತಿ ಐವತ್ತು ಅಡಿಗೊಂದು ಸಲ ಬಲಕ್ಕೆ ಎಳೀಬೇಕು, ಎಳೆದ ಕ್ಷಣದಲ್ಲೇ ಹಿಂದಿನವರು ಬಂದು ಮುಟ್ಟಿರ್ತಾರೆ. ಇನ್ನೊಂದು ವಿಷಯ, ಇದು ದಿನಾ ಓಡಿಸೋರಿಗಷ್ಟೇ ಗೊತ್ತು. ಸೈಕಲ್ಲಿನವನು ಎಷ್ಟು ಸರಿದು ಜಾಗ ಕೊಡ್ತಾನೋ, ಕಾರಿನವರು ಪಕ್ಕದಿಂದ ಅಷ್ಟು ಉಜ್ಜಿಕೊಂಡು ಹೋಗ್ತಾರೆ. ಸ್ವಲ್ಪ ಒಳಗೆ ಇದ್ದರೆ ಬೈಕೊಂಡಾದ್ರೂ ಸ್ಟೀರಿಂಗ್ ತಿರುಗಿಸಿ ದೂರದಿಂದ ಹೋಗ್ತಾರೆ. ಬೈಸಿಕೊಳ್ಳೋದಾ, ಉಜ್ಜಿಸಿಕೊಳ್ಳೋದಾ? ನಾನು ಬೈಸಿಕೊಳ್ತೀನಿ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಸೈಕಲ್ ದಾಟುವಾಗ ಕಾರು ಕನಿಷ್ಠ ಒಂದೂವರೆ ಮೀಟರ್ ದೂರ ಇರಬೇಕು ಅಂತ ನಿಯಮದಲ್ಲೇ ಬರೆದಿದ್ದಾರೆ. ನಮಗೆ ಇವತ್ತು ಸಿಕ್ಕಿದ್ದು ಒಂದು ಗೇಣು ಮತ್ತು ಉಚಿತ ಎಸಿ.

ಇನ್ನು ಆ ಟ್ಯಾಕ್ಸ್ ಮಾತು. ಸ್ವಾಮೀ, ನಮ್ಮ ಮನೆ ಬೇಸ್‌ಮೆಂಟಿನಲ್ಲೂ ಕಾರಿದೆ. ಅದಕ್ಕೆ ಲೈಫ್ ಟ್ಯಾಕ್ಸ್ ಕಟ್ಟಿದ ದಿನ ನನ್ನ ಮುಖ ಹೇಗಿತ್ತು ಅಂತ ನಮ್ಮ ಮನೆಯವಳನ್ನ ಕೇಳಿ. ಪ್ರಾಪರ್ಟಿ ಟ್ಯಾಕ್ಸೂ ಕಟ್ತೀನಿ. ಸೈಕಲ್ ಹತ್ತಿದ ತಕ್ಷಣ ಅವೆಲ್ಲ ವಜಾ ಆಗುತ್ತಾ? ಮೈಸೂರಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರಿಗೆ ಬಿದ್ದವನು ನಾನು, ಓದಿದ್ದರಲ್ಲಿ ಒಂದು ನೆನಪಿದೆ, ಹೇಳಿಬಿಡ್ತೀನಿ. 1958ರಿಂದ 60ರವರೆಗೆ ಅಮೆರಿಕದಲ್ಲಿ ಬೇಕಂತಲೇ ರಸ್ತೆ ಕಟ್ಟಿ, ಅದರ ಮೇಲೆ ಟ್ರಕ್ ಓಡಿಸಿ ಓಡಿಸಿ ಹಾಳು ಮಾಡಿ ಅಳೆದರು. ಗೊತ್ತಾಗಿದ್ದು ಏನಪ್ಪಾ ಅಂದ್ರೆ, ರಸ್ತೆಯ ಸವೆತ ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರದ ಹೆಚ್ಚುಕಮ್ಮಿ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ ಭಾರ ಎರಡರಷ್ಟಾದರೆ ಸವೆತ ಹದಿನಾರರಷ್ಟು. ನಾನೂ ಸೈಕಲ್ಲೂ ಸೇರಿ 90 ಕೆಜಿ, ಒಂದು ಚಕ್ರಕ್ಕೆ 45. ಆ ಎಸ್‌ಯುವಿ ಜನ ಸೇರಿ 2 ಟನ್ ಅಂದ್ಕೊಳ್ಳಿ, ಆಕ್ಸಲ್ಲಿಗೆ 1000. ಹಾಕಿ ಲೆಕ್ಕ. ಆ ಯಪ್ಪ ಒಂದು ಸಲ ಹೋದದ್ದಕ್ಕೆ ಸಮ ಆಗಬೇಕಾದರೆ ನಾನು ಅದೇ ರಸ್ತೆಯಲ್ಲಿ 2 ಲಕ್ಷಕ್ಕೂ ಹೆಚ್ಚು ಸಲ ಹೋಗಬೇಕು. ವಾರಕ್ಕೆ ಐದು ದಿನ, ದಿನಕ್ಕೆರಡು ಸಲ ಅಂದರೂ ನಾನೂರು ವರ್ಷ ದಾಟುತ್ತೆ. ಬಿಲ್ ಕಳಿಸಿ, ಕಟ್ತೀನಿ.

ನಮಗೆ ಲೆಫ್ಟು ಕೊಟ್ಟೇ ಇಲ್ಲ ಅಂತೇನೂ ಹೇಳಲ್ಲ. ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ಲೇನ್ ಮಾಡಿದ್ರು. ನಾನು ಖುಷಿಯಿಂದ ಫೋಟೋ ಹಾಕಿದ್ದೆ, ಹಳೇ ಫ್ರೆಂಡ್ಸಿಗೆ ನೆನಪಿರಬಹುದು. ಸ್ವಲ್ಪ ದಿನದಲ್ಲೇ ಅದು ಬೆಂಗಳೂರಿನ ಅತ್ಯುತ್ತಮ ಕಾರ್ ಪಾರ್ಕಿಂಗ್ ಆಯ್ತು. ಆಮೇಲೆ 2020ರಲ್ಲಿ, ಕೊರೊನಾ ಕಾಲದಲ್ಲಿ, ಔಟರ್ ರಿಂಗ್ ರೋಡಿನಲ್ಲಿ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರದ ಕಡೆಗೆ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ರು. ಬೈಕಿನವರು ಒಳಗೆ ನುಗ್ಗಿದ್ರು, ಕಂಬಗಳು ಒಂದೊಂದೇ ಮುರಿದುಬಿದ್ವು, ಕೊನೆಗೆ ಮೆಟ್ರೋ ಕಾಮಗಾರಿ ಬಂದು ಉಳಿದದ್ದನ್ನೂ ನುಂಗಿತು. ಸೈಕಲ್ ಟ್ರ್ಯಾಕ್ ಇದ್ದರೆ ಅದರ ಮೇಲೆ ಮೋಟಾರು ವಾಹನ ಓಡಿಸಬಾರದು ಅಂತ ನಮ್ಮ ರಸ್ತೆ ನಿಯಮದಲ್ಲಿ ಯಾವತ್ತಿಂದಲೋ ಇದೆ. ಇದೆ ಅಷ್ಟೇ. ಅಂದ್ರೆ ಲೆಫ್ಟು ಕೊಟ್ಟರು, ಅದನ್ನೂ ನೀವೇ ತಗೊಂಡ್ರಿ, ಈಗ ಗಾಜು ಇಳಿಸಿ ನನಗೆ ಲೆಫ್ಟಲ್ಲಿ ಹೋಗು ಅಂತೀರಿ. ಎಲ್ಲಿಗೆ? ಮೋರಿ ಒಳಗಾ?

ಈಗ ಕಮೆಂಟಿನಲ್ಲಿ ಒಬ್ಬರು ಬರ್ತಾರೆ, ಯಾರು ಅಂತಲೂ ಗೊತ್ತು. "ಸೈಕಲ್ಲಿನವರು ಏನು ಸಾಚಾಗಳಾ? ಸಿಗ್ನಲ್ ಜಂಪ್ ಮಾಡ್ತಾರೆ, ಒನ್‌ವೇಲಿ ಎದುರಿಗೆ ಬರ್ತಾರೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡಿರ್ತಾರೆ, ಭಾನುವಾರ ನಂದಿಬೆಟ್ಟಕ್ಕೆ ಹೋಗುವಾಗ ಬಿಗಿ ಚಡ್ಡಿ ಹಾಕ್ಕೊಂಡು ಇಡೀ ರೋಡಿಗೆ ಅಡ್ಡ ಹೋಗ್ತಾರೆ." ಹೌದಪ್ಪಾ ಹೌದು. ಹೋಗ್ತಾರೆ. ನಾನೂ ಒಂದು ಸಲ ಸಿಗ್ನಲ್ ಹಾರಿದ್ದೀನಿ, ಆ ಬಿಗಿ ಚಡ್ಡಿ ನನ್ನ ಹತ್ತಿರವೂ ಒಂದಿದೆ, ಅದರಲ್ಲಿ ನನ್ನ ಹೊಟ್ಟೆ ಹೇಗೆ ಕಾಣುತ್ತೆ ಅಂತ ಮಗಳು ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಆದರೆ ನಾನು ತಪ್ಪು ಮಾಡಿದರೆ ಹೆಚ್ಚಿನ ಸಲ ಒಡೆಯೋದು ನನ್ನ ಮಂಡಿ. ನೀವು ತಪ್ಪು ಮಾಡಿದರೂ ಒಡೆಯೋದು ನನ್ನ ಮಂಡಿಯೇ. ಇದನ್ನ "ಎರಡೂ ಕಡೆ ತಪ್ಪಿದೆ" ಅಂತ ತಕ್ಕಡಿಯಲ್ಲಿ ತೂಗೋಕೆ ಬರಬೇಡಿ. ತಕ್ಕಡಿಯ ಒಂದು ಕಡೆ 2 ಟನ್ ಇದೆ.

ಇನ್ನೊಬ್ಬರು "ಇದು ಆಮ್‌ಸ್ಟರ್‌ಡ್ಯಾಂ ಅಲ್ಲ" ಅಂತಾರೆ. 1971ರಲ್ಲಿ ಆಮ್‌ಸ್ಟರ್‌ಡ್ಯಾಮೂ ಇವತ್ತಿನ ಸೈಕಲ್ಲುಗಳ ಆಮ್‌ಸ್ಟರ್‌ಡ್ಯಾಂ ಆಗಿರಲಿಲ್ಲ. ಆ ಒಂದೇ ವರ್ಷ ನೆದರ್‌ಲ್ಯಾಂಡ್ಸ್‌ನ ರಸ್ತೆಗಳಲ್ಲಿ 3000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಮಕ್ಕಳ ಕೊಲೆ ನಿಲ್ಲಿಸಿ ಅಂತ ಬೀದಿಗೆ ಬಂದು ಕೂತರು. ಆಮೇಲೆ ಬಂದದ್ದು ಆ ಸೈಕಲ್ ದಾರಿಗಳು, ಗಾಳಿಯಂತ್ರ ಟುಲಿಪ್ ಹೂವಿನ ಜೊತೆ ಉಚಿತವಾಗಿ ಬಂದದ್ದಲ್ಲ. ಹೋಗಲಿ, ಅಷ್ಟು ದೂರ ಯಾಕೆ. 2017ರಲ್ಲಿ ನಮ್ಮ ಮೈಸೂರಲ್ಲೇ ಟ್ರಿಣ್ ಟ್ರಿಣ್ ಅಂತ 450 ಸೈಕಲ್ ಬಾಡಿಗೆಗೆ ಬಿಟ್ಟಾಗ ಅರಮನೆ ಸುತ್ತ ಹುಡುಗರು ಓಡಿಸ್ತಿದ್ದದ್ದನ್ನ ನಾನೇ ನೋಡಿದ್ದೀನಿ. ನಮ್ಮಪ್ಪ ಮೂವತ್ತು ವರ್ಷ ಅದೇ ಊರಲ್ಲಿ ಅಟ್ಲಾಸ್ ಸೈಕಲ್ಲಿನಲ್ಲಿ ಆಫೀಸಿಗೆ ಹೋದರು. ಅವರನ್ನ ಪೊಲೀಸ್ ಹಿಡಿದದ್ದು ಡೈನಮೋ ಇಲ್ಲ ಅಂತ, ಡಬಲ್ಸ್ ಹೋದ್ರಿ ಅಂತ. ಲೆಫ್ಟಲ್ಲಿ ಹೋಗಿ ಅಂತ ಯಾರೂ ಹೇಳಿರಲಿಲ್ಲ, ರೋಡೇ ಅವರದ್ದಾಗಿತ್ತು. (ಆ ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆ ನಿಲ್ಲಿಸಿದ್ದು 2020ರ ಜೂನ್ 3ಕ್ಕೆ. ಅವತ್ತು ವಿಶ್ವ ಬೈಸಿಕಲ್ ದಿನ. ಇಂಥದ್ದನ್ನ ಕತೆಯಲ್ಲಿ ಬರೆದರೆ ಜಾಸ್ತಿ ಆಯ್ತು ಅಂತೀರಿ.)

ಇಷ್ಟೆಲ್ಲ ಕೂಗಾಡಿದೆನಲ್ಲ, ಈಗ ಒಂದು ಹೇಳಬೇಕು. ಇದನ್ನ ಇಲ್ಲಿ ಬರೀಬೇಕಾ ಅಂತ ಎರಡು ಸಲ ಅಳಿಸಿದೆ.

ಮೂರು ವರ್ಷದ ಹಿಂದೆ, ಗೌರಿ ಹಬ್ಬದ ಮುಂಚೆ, ಗಾಂಧಿ ಬಜಾರಿನಲ್ಲಿ ಹೂವು ತಗೊಳೋಕೆ ಕಾರು ನಿಲ್ಲಿಸಿ ಬಾಗಿಲು ತೆಗೆದೆ. ಮಿರರ್ ನೋಡಲಿಲ್ಲ. ಟಣ್ ಅಂತ ಶಬ್ದ. ಸೈಕಲ್ ಮೇಲೆ ಸ್ಟೀಲ್ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರೋ ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಬಾಗಿಲಿಗೆ ಹೊಡೆದು ಬಿದ್ದಿದ್ದ. ಪೇಪರ್ ಕಪ್ಪುಗಳ ಉದ್ದನೆಯ ಕಂತೆ ಒಡೆದು ರಸ್ತೆ ತುಂಬ ಉರುಳ್ತಿದ್ವು. ಟೀ ಟಾರಿನ ಮೇಲೆ ಹರಿದು ಹಬೆ ಬರ್ತಿತ್ತು. ಅವನು ಎದ್ದ. ಎದ್ದು ಮೊದಲು ನೋಡಿದ್ದು ತನ್ನ ಮೊಣಕೈ ಅಲ್ಲ, ನನ್ನ ಕಾರಿನ ಬಾಗಿಲು. ಅಂಗಿಯ ತುದಿಯಲ್ಲಿ ಅದನ್ನ ಒರೆಸಿ, "ಸಾರಿ ಸಾರ್, ಸ್ಕ್ರಾಚ್ ಆಗಿಲ್ಲ ಸಾರ್" ಅಂದ.

ಅವನೇ ಸಾರಿ ಕೇಳಿದ. ನನ್ನನ್ನ.

ಐನೂರು ಕೊಟ್ಟೆ. ಬೇಡ ಅಂದ, ಆಮೇಲೆ ತಗೊಂಡ, ಹ್ಯಾಂಡಲ್ ಸೊಟ್ಟಗಿದ್ದದ್ದನ್ನ ಮುಂದಿನ ಚಕ್ರ ಕಾಲಲ್ಲಿ ಅದುಮಿ ಸರಿ ಮಾಡಿಕೊಂಡು ಹೋದ. ಆಗ ನನ್ನ ತಲೆಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ನೋಡ್ಕೊಂಡು ಲೆಫ್ಟಲ್ಲಿ ಬರಬಾರದಾ ಇವನು, ಅಂತ. ಲೆಫ್ಟಲ್ಲೇ ಇದ್ದ ಅವನು. ನಾವೆಲ್ಲ ಹೇಳ್ತೀವಲ್ಲ, ಅಲ್ಲೇ, ನಿಂತ ಕಾರುಗಳಿಗೆ ಅಂಟಿಕೊಂಡೇ ಬರ್ತಿದ್ದ. ಅದಕ್ಕೇ ಬಿದ್ದ.

ನನ್ನ ಹೆಲ್ಮೆಟ್ಟು, ನನ್ನ ಇಂಗ್ಲಿಷು, ನನ್ನ ಗೇರ್ ಸೈಕಲ್ಲು ನೋಡಿ ಆ ಎಸ್‌ಯುವಿಯವರು ಕೊನೆಗೂ ಗಾಜು ಇಳಿಸಿ ಬೈದರು, ನಾನು ತಿರುಗಿ ಬೈದೆ, ಈಗ ಇಷ್ಟುದ್ದ ಬರೆದು ಗೋಳಾಡ್ತಾ ಇದ್ದೀನಿ. ಟೀ ಹುಡುಗನಿಗೆ, ಬೆಳಗಿನ ಜಾವ ಪೇಪರ್ ಹಾಕೋರಿಗೆ, ಗಾರೆ ಕೆಲಸಕ್ಕೆ ಹೋಗೋರಿಗೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗೋ ನಮ್ಮ ವಾಚ್‌ಮನ್ನಿಗೆ ಯಾರೂ ಗಾಜು ಇಳಿಸೋದೂ ಇಲ್ಲ. ಹಾರನ್ ಸಾಕು, ಅವರೇ ಮೋರಿ ಕಡೆ ಸರೀತಾರೆ. ನೋಂದಣಿಯಾದ ವಾಹನ 1 ಕೋಟಿ ದಾಟಿರೋ ಊರಿದು. ಇವರ ಸೈಕಲ್ಲುಗಳು ಆ ಲೆಕ್ಕದಲ್ಲೂ ಇಲ್ಲ.

ನಮ್ಮ ಮನೆಯವಳು ಇದನ್ನ ಅರ್ಧ ಓದಿ, "ಎಲ್ಲ ಸರಿ ರೀ, ನಾಳೆ ಮಗಳ ಪ್ರಾಜೆಕ್ಟ್ ಮಾಡೆಲ್ ತಗೊಂಡು ಹೋಗಬೇಕು, ನೀವೇ ಕಾರಲ್ಲಿ ಬಿಡಿ, ನೆನಪಿದೆಯಲ್ಲ?" ಅಂದಳು. ಥರ್ಮಾಕೋಲಿನ ಜ್ವಾಲಾಮುಖಿ ಅದು. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಲ್ಲ.

ಹಾಗಾಗಿ ನಾಳೆ ಎಂಟೂಕಾಲಿಗೆ ಅದೇ ರಸ್ತೆಯಲ್ಲಿ ನಾನೂ ಕಾರಿನೊಳಗೆ ಇರ್ತೀನಿ. ಟೀ ಹುಡುಗ ಬಿದ್ದಾಗಿನಿಂದ ಒಂದು ಅಭ್ಯಾಸ ಮಾಡ್ಕೊಂಡಿದ್ದೀನಿ, ಬಲಗಡೆ ಬಾಗಿಲನ್ನ ಎಡಗೈಯಲ್ಲಿ ತೆಗೀತೀನಿ. ಹಾಗೆ ತೆಗೆದರೆ ಮೈ ತಾನಾಗೇ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತೆ. ಸ್ಕೂಲ್ ಗೇಟಿನ ಮುಂದೆ ನಾನು ಹೀಗೆ ಸೊಟ್ಟ ಸೊಟ್ಟ ಇಳಿಯೋದು ನೋಡಿ ಮಗಳಿಗೆ ನಾಚಿಕೆ ಆಗುತ್ತಂತೆ. "ಅಪ್ಪಾ, ನೀವು ಇಳೀಲೇಬೇಡಿ, ನಾನೇ ಹೋಗ್ತೀನಿ" ಅಂತಾಳೆ. ನಾಳೆ ಇಳೀಲೇಬೇಕು, ಜ್ವಾಲಾಮುಖಿ ಹಿಂದಿನ ಸೀಟಲ್ಲಿರುತ್ತೆ.