ಪಟ್ಟಿ ಆಮೇಲೆ ಮಾಡೋಣ, ಮೊದಲು ರೀಲು ಉಳಿಸಿ

ನಿನ್ನೆ ಸಂಜೆ ಇಲ್ಲೇ ವಿಜಯಪುರದಲ್ಲಿ ಸಿನಿಮಾ ಬಗ್ಗೆ ಒಂದು ಮಾತುಕತೆ ಇತ್ತು. ವೇದಿಕೆ ಮೇಲಿದ್ದವರು ಕನ್ನಡದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳು ಅಂತ ಒಂದು ಪಟ್ಟಿ ಓದಿದರು. ಕಾಲೇಜು ಹುಡುಗಿಯೊಬ್ಬಳು ಎದ್ದು, "ಸರ್, ನಮ್ಮ ಮೊದಲ ಟಾಕಿ 'ಸತಿ ಸುಲೋಚನಾ' ಎಷ್ಟನೇ ಸ್ಥಾನದಲ್ಲಿದೆ?" ಅಂತ ಕೇಳಿದಳು. "ಅದು ಇಲ್ಲಮ್ಮಾ, ಅದನ್ನ ಯಾರೂ ನೋಡಿಲ್ಲ" ಅಂದವರೇ ಮುಂದಿನ ಪ್ರಶ್ನೆಗೆ ಹೋದರು. ರಾತ್ರಿ ನನಗೆ ಊಟ ಸೇರಲಿಲ್ಲ.

ಯಾರೂ ನೋಡಿಲ್ಲ ಅಂದರೆ ಏನರ್ಥ? 1934ರಲ್ಲಿ ಜನ ದುಡ್ಡು ಕೊಟ್ಟು ನೋಡಿದ್ದಾರೆ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರಂಥ ರಂಗಭೂಮಿಯ ದಿಗ್ಗಜರು ನಟಿಸಿದ ಚಿತ್ರ ಅದು. ಶೂಟಿಂಗ್ ಆಗಿದ್ದು ನಮ್ಮ ಬೆಳಗಾವಿಯ ಮಗ್ಗುಲಲ್ಲೇ ಇರುವ ಕೊಲ್ಹಾಪುರದಲ್ಲಿ. ಇವತ್ತು ಅದರ ಒಂದೇ ಒಂದು ಪ್ರಿಂಟ್ ಕೂಡ ಉಳಿದಿಲ್ಲ. ಅದು ಪಟ್ಟಿಯಿಂದ ಬಿದ್ದಿದ್ದು ಚೆನ್ನಾಗಿಲ್ಲ ಅಂತಲ್ಲ, ನಾವು ಕಳೆದುಕೊಂಡೆವು ಅಂತ. ಇದನ್ನ ಹೇಳಲು ಒಂದು ನಿಮಿಷ ಸಾಕಿತ್ತು, ಅಲ್ವಾ?

ಸ್ಥಾನಮಾನದ ಜಗಳ ಎಷ್ಟು ಬೇಕಾದರೂ ಆಡಬಹುದು. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಎಲ್ಲಕ್ಕಿಂತ ಶ್ರೇಷ್ಠ ಸಿನಿಮಾ ಯಾವುದು ಅಂತ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. 1962ರಿಂದ 2002ರವರೆಗೆ 'ಸಿಟಿಜನ್ ಕೇನ್' ಮೊದಲು. 2012ರಲ್ಲಿ 'ವರ್ಟಿಗೋ'. 2022ರಲ್ಲಿ ಶಾಂತಾಲ್ ಅಕರ್ಮನ್ ಅವರ 'ಜಾನ್ ಡೀಲ್ಮನ್'. ಸ್ಥಾನ ಇವತ್ತು ತಪ್ಪಿದರೆ ಮುಂದಿನ ಸಲ ಸರಿಹೋದೀತು. ಆದರೆ ರೀಲು ಹಾಳಾದ ಸಿನಿಮಾಕ್ಕೆ ಮುಂದಿನ ಸಲ ಅನ್ನೋದೇ ಇಲ್ಲ.

ಪಟ್ಟಿಯಿಂದಲೇ ಜನ ಹಳೇ ಸಿನಿಮಾ ಹುಡುಕಿ ನೋಡುತ್ತಾರೆ ಅಂತ ಗೆಳೆಯರು ವಾದ ಮಾಡುತ್ತಾರೆ. ಹುಡುಕಿದರೆ ಸಿಗಬೇಕಲ್ಲ! ಸತ್ಯಜಿತ್ ರೇ ಅವರ 'ಪಥೇರ್ ಪಾಂಚಾಲಿ'ಯ ನೆಗೆಟಿವ್, ಅಂದರೆ ಪ್ರಿಂಟ್ ತೆಗೆಯುವ ಮೂಲ ಸುರುಳಿ, 1993ರಲ್ಲಿ ಲಂಡನ್ನಿನ ಲ್ಯಾಬ್‌ನಲ್ಲಿ ಬೆಂಕಿಗೆ ಸಿಕ್ಕಿತ್ತು. ಸುಟ್ಟು ಸುರುಟಿದ್ದನ್ನೂ ಎಸೆಯದೆ ಇಟ್ಟುಕೊಂಡು, ವರ್ಷಗಟ್ಟಲೆ ಕೂತು ಸರಿಮಾಡಿದವರಿದ್ದಾರೆ. ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದ್ದು. ಅದನ್ನೂ ಹಾಗೇ ಹೊಸದಾಗಿ ಸಿದ್ಧಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಸುದ್ದಿ ಓದಿದಾಗ ನಾನು ನಿಜಕ್ಕೂ ಕಣ್ಣೀರು ಹಾಕಿದ್ದೆ. ನನ್ನ ಲೆಕ್ಕದಲ್ಲಿ ಯಾವ ಪ್ರಶಸ್ತಿಗಿಂತಲೂ ದೊಡ್ಡ ಗೌರವ ಇದೇ.

ನಮ್ಮ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯವರನ್ನೇ ತಗೊಳ್ಳಿ. ಬೀಳಗಿಯ ಹೆಣ್ಣುಮಗಳು, ಈ ಊರಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದವರು. 1943ರ ಹಿಂದಿ ಸಿನಿಮಾ 'ಕಿಸ್ಮತ್' ಉಳಿದಿದೆ, ಹಾಗಾಗಿ ಅದರಲ್ಲಿ ಅವರು ಹಾಡಿದ್ದನ್ನ ಇವತ್ತಿಗೂ ತೆರೆ ಮೇಲೆ ಕೇಳಬಹುದು. ಅದೂ ಹೋಗಿದ್ದರೆ?

ಹಿಂದೊಮ್ಮೆ ಬಾಗಲಕೋಟೆ ಕಡೆ, ಮುಚ್ಚಿದ ಟಾಕೀಸೊಂದರ ಪ್ರೊಜೆಕ್ಟರ್ ಕೋಣೆಗೆ ಹೋಗಿದ್ದೆ. ಮೂಲೆಯಲ್ಲಿ ತುಕ್ಕು ಹಿಡಿದ ಡಬ್ಬಿಗಳು. ಒಂದರ ಮುಚ್ಚಳ ತೆಗೆದರೆ ಗಪ್ಪನೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಫಿಲ್ಮ್ ಕೊಳೆಯುವಾಗ ಬರುವುದೇ ಆ ವಿನೆಗರ್ ವಾಸನೆ. ಸುರುಳಿ ಹಸಿ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು. ಬೆಳಕಿಗೆ ಹಿಡಿದರೆ ಒಂದು ತುಂಡಿನಲ್ಲಿ ಮಾತ್ರ ಯಾರದೋ ಅರ್ಧ ಮುಖ ಕಂಡಿತು. ಯಾವ ಸಿನಿಮಾ ಅಂತ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಹಳೇ ಟಾಕೀಸು ನಡೆಸಿದ ಮನೆತನಗಳಿವೆ. ಅಟ್ಟದ ಮೇಲೆ, ಗೋದಾಮಿನಲ್ಲಿ ಡಬ್ಬಿ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬಿಸಿಲು, ಶೆಕೆ ತಾಗದ ಕಡೆ ಇಡಿ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ನಮಗೇನು ದೂರವಲ್ಲ. ಮೊದಲು ಅವರಿಗೆ ತಿಳಿಸಿ. ಹೇಗೆ ಅಂತ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ಪತ್ರ ನಾನೇ ಬರೆದುಕೊಡುತ್ತೇನೆ.